ಬುಗುರಿಯ ಬೆಸುಗೆ

ಆಕೆಗೆ ಬುಗುರಿ ಎಂದು ಹೆಸರಿಟ್ಟವರು ಅವಳ ಅಪ್ಪ. ಹಲ್ಲುಜ್ಜುತ್ತ ಮನೆಯನ್ನು ಎರಡು ಸುತ್ತು ಹಾಕುವ, ಪುಸ್ತಕ ಹಿಡಿದುಕೊಂಡು ಜಗುಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಓದುವ ಹುಡುಗಿ ಅವಳು. "ತಿರುಗ್ತಿದ್ರೇನೇ ಇವಳು ನೆಟ್ಟಗೆ ನಿಲ್ಲೋದು. ನಿಲ್ಲಿಸಿದ್ರೆ ಬಿದ್ದು ಹೋಗ್ತಾಳೆ" ಎನ್ನುತ್ತಿದ್ದರು ಅಪ್ಪ. ಮದುವೆಯಾಗಿ, ಲೋಹಗಳ ಬಗ್ಗೆ ದೊಡ್ಡ ಓದು ಓದಿ, ತಲೆಯಲ್ಲಿ ನಾಲ್ಕು ಬಿಳಿಕೂದಲು ಮೂಡಿದ ಮೇಲೂ ಆ ಹೆಸರು ಬಿಡಲಿಲ್ಲ. ಬಿಡುವಂಥ ಕಾರಣವನ್ನೂ ಅವಳು ಯಾರಿಗೂ ಕೊಡಲಿಲ್ಲ. ಹಿಡಿದ ಕೆಲಸದಲ್ಲಿ ಕುರ್ಚಿ ಬೆಚ್ಚಗಾಗುವ ಮೊದಲೇ ಎದ್ದು ಇನ್ನೊಂದು ಕಡೆ ಹೋಗುತ್ತಿದ್ದಳು. ಎಲ್ಲೂ ಜಗಳವಾಡಿ ಬಿಟ್ಟವಳಲ್ಲ. ಕೆಲಸ ಹಿಡಿತಕ್ಕೆ ಬಂತು ಎನ್ನುವಷ್ಟರಲ್ಲಿ ಕಾಲಿಗೆ ತುರಿಕೆ ಶುರುವಾಗುತ್ತಿತ್ತು, ಅಷ್ಟೆ.

ಗಂಡ ಇದಕ್ಕೆ ತದ್ವಿರುದ್ಧ. ಮನೆಯ ಕೆಳಗಡೆಯೇ ಅವನದೊಂದು ಲಾಂಡ್ರಿ. ಮುಂದಿನ ಕೋಣೆಯಲ್ಲಿ ಇಸ್ತ್ರಿಯ ಉದ್ದನೆಯ ಮೇಜು, ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರಗಳು, ನಡುವೆ ಸದಾ ಬಿಸಿ ಹಬೆ. ನಿಂತ ಜಾಗದಲ್ಲೇ ನಿಂತು ಸಂಜೆಯವರೆಗೆ ಅಂಗಿಗಳ ಸುಕ್ಕು ಬಿಡಿಸುವುದರಲ್ಲಿ ಅವನಿಗೆ ಬೇಸರವೆಂಬುದಿಲ್ಲ. ಅವನ ತಾಯಿ ಮಹಡಿಯ ಕಿಟಕಿಯ ಬಳಿ ಕೂತು ಗುಂಡಿ ಹೊಲಿಯುತ್ತ ಇಬ್ಬರನ್ನೂ ನೋಡುತ್ತಿದ್ದರು. "ಒಂದು ಗೂಟ, ಒಂದು ಗಾಳಿಪಟ. ದೇವರು ಹುಡುಕಿ ಹುಡುಕಿ ಗಂಟು ಹಾಕಿದ್ದಾನೆ" ಎಂದು ಬಂದವರಿಗೆಲ್ಲ ಹೇಳುವುದು ಅತ್ತೆಯ ರೂಢಿ.

ಬುಗುರಿ ಆಗ ಸೇರಿದ್ದ ಕಾರ್ಖಾನೆ ಆಸ್ಪತ್ರೆಗಳಿಗೆ ಸಾಮಾನು ಮಾಡುವಂಥದ್ದು. ಹಾಸಿಗೆಯಿಂದ ಏಳಲಾಗದ ರೋಗಿಯನ್ನು ಬಟ್ಟೆಯ ಜೋಲಿಯಲ್ಲಿ ಕೂರಿಸಿ ಮೇಲೆತ್ತಿ, ಗಾಲಿಯ ಮೇಲೆ ತಳ್ಳಿಕೊಂಡು ಸ್ನಾನದ ಕೋಣೆಗೋ ಕುರ್ಚಿಗೋ ಸಾಗಿಸುವ ಎತ್ತುಯಂತ್ರ ಅಲ್ಲಿನ ಮುಖ್ಯ ಸರಕು. ಉಕ್ಕಿನ ಯಂತ್ರ ತಳ್ಳಿ ತಳ್ಳಿ ನರ್ಸುಗಳ ಸೊಂಟ ಬಿದ್ದುಹೋಗುತ್ತಿತ್ತು. ಅದರ ತೋಳನ್ನು ಹಗುರ ಮಾಡಬೇಕು, ಆದರೆ ಬಾಗಬಾರದು. ಅದಕ್ಕೆ ಯಜಮಾನರು ತರಿಸಿದ್ದು ಹೊಸ ಬಗೆಯ ಲೋಹ: ಕರಗಿಸಿದ ಅಲ್ಯೂಮಿನಿಯಂಗೆ ಸಾಣೆಚಕ್ರಕ್ಕೆ ಬಳಸುವ ಸಿಲಿಕಾನ್ ಕಾರ್ಬೈಡಿನ ನುಣ್ಣನೆಯ ಪುಡಿ ಬೆರೆಸಿ ಎರಕ ಹೊಯ್ದದ್ದು. ಅಲ್ಯೂಮಿನಿಯಂನಷ್ಟೇ ಹಗುರ, ಅದಕ್ಕಿಂತ ಎಷ್ಟೋ ಪಾಲು ಬಿಗಿ. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅದರ ಹೆಸರು 'ಮರಳು'. ಕೊರೆಯಲು ಹೋದರೆ ಉಳಿ ಸವೆಯುತ್ತಿತ್ತು, ಸಾಮಾನ್ಯ ವೆಲ್ಡಿಂಗಿಗೆ ಒಗ್ಗುತ್ತಿರಲಿಲ್ಲ. "ಮರಳಿನ ಸಹವಾಸ ಮರುಳರಿಗೇ ಸರಿ" ಎಂದು ಗೊಣಗುತ್ತಿದ್ದವರು ಗಡ್ಡದಣ್ಣ, ಲೇಸರ್ ಯಂತ್ರ ನಡೆಸುವವರು. ಎದೆಯವರೆಗೆ ಇಳಿಬಿದ್ದ ಗಡ್ಡವನ್ನು ಕೆಲಸದ ಹೊತ್ತಿನಲ್ಲಿ ಬಟ್ಟೆಯ ಚೀಲದೊಳಗೆ ತುರುಕಿ ಕಿವಿಗೆ ಕಟ್ಟಿಕೊಳ್ಳುತ್ತಿದ್ದರು.

ಆ ಲೋಹವನ್ನು ಲೇಸರ್ ಕಿರಣದಿಂದ ಬೆಸೆಯುವ ವಿಧಾನ ಕಂಡುಹಿಡಿಯುವುದೇ ಬುಗುರಿಯ ಕೆಲಸ. ಅವಳು ಗಡ್ಡದಣ್ಣನ ಜೊತೆ ಸೇರಿ ಕಿರಣದ ಶಕ್ತಿ ಏರಿಸಿ, ಇಳಿಸಿ, ವೇಗ ಬದಲಿಸಿ ಕೊನೆಗೊಂದು ಬೆಸುಗೆ ತಂದಳು. ನೋಡಲು ಬೆಳ್ಳಿಯ ಸರದಂತಿತ್ತು. ಗಟ್ಟಿತನ ಅಳೆಯಲು ಎಳೆಯುವ ಯಂತ್ರಕ್ಕೆ ಕೊಟ್ಟರೆ ತಡೆದುಕೊಂಡಿತು. ಕ್ಷಕಿರಣದ ಚಿತ್ರದಲ್ಲಿ ಬಿರುಕಿರಲಿಲ್ಲ. ಯಜಮಾನರು ಎಲ್ಲರ ಕೈಕುಲುಕಿ ಮೊದಲ ಯಂತ್ರಗಳನ್ನು ಊರಿನದೇ ಒಂದು ಆಸ್ಪತ್ರೆಗೆ ಕಳಿಸಿಕೊಟ್ಟರು.

ಕೆಲಸ ಮುಗಿಯಿತು. ಮುಗಿದದ್ದೇ ತಡ, ಬುಗುರಿಯ ಕಾಲು ತುರಿಸತೊಡಗಿತು. ಬೇರೊಂದು ಊರಿನ ದೊಡ್ಡ ಕಂಪನಿಯೊಂದಕ್ಕೆ ಆಗಲೇ ಅರ್ಜಿ ಹಾಕಿದ್ದಳು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಕೆಳಗಿನ ಅಂಗಡಿಯಿಂದ ದಡ್ ಎಂಬ ಸದ್ದು, ಹಿಂದೆಯೇ ಗಂಡನ ಕೂಗು. ಅವಳು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದಳು. ಬಿಸಿ ಇಸ್ತ್ರಿಪೆಟ್ಟಿಗೆ ನೆಲದ ಮೇಲೆ ಬಿದ್ದಿತ್ತು, ಮೇಜಿನ ಮೇಲೆ ಯಾರದೋ ಬಿಳಿ ಅಂಗಿಯ ಬೆನ್ನಿಗೆ ಕಂದು ಬಣ್ಣದ ತ್ರಿಕೋನ ಬಿದ್ದಿತ್ತು.

"ಕಾಲ್ಮೇಲೆ ಬಿತ್ತಾ?"

"ಕಾಲಿಗೇನಾಗಿಲ್ಲ. ಪಕ್ಕದ ಬೀದಿ ವಕೀಲರ ಅಂಗಿ ಹೋಯ್ತು. ಇನ್ನು ನನ್ಮೇಲೆ ಕೇಸ್ ಹಾಕೋಕೆ ಅವರು ಇನ್ನೊಬ್ಬ ವಕೀಲರನ್ನೂ ಹುಡುಕ್ಬೇಕಾಗಿಲ್ಲ." ಗಂಡ ಇಸ್ತ್ರಿಪೆಟ್ಟಿಗೆ ಎತ್ತುತ್ತ ಹೇಳಿದ. "ನಿನ್ನ ಆ ಸ್ಟ್ಯಾಂಡು ಮುರಿದು ಹೋಯ್ತು ಕಣೇ."

ಯಾವ ಸ್ಟ್ಯಾಂಡು ಎಂದು ಅವಳಿಗೆ ತಟ್ಟನೆ ಹೊಳೆಯಲಿಲ್ಲ. ಬೆಸುಗೆ ಗೆದ್ದ ಸಂತೋಷಕ್ಕೆ ಪರೀಕ್ಷೆಯಲ್ಲಿ ಮಿಕ್ಕ ಒಂದು ತುಂಡನ್ನು ಮನೆಗೆ ತಂದಿದ್ದಳು, ಮೂಲೆಗೆ ಮೂಲೆ ಕೂಡಿಸಿ ಬೆಸೆದ ಪುಟ್ಟ ತುಂಡು. ಗಂಡ ಅದನ್ನು ಇಸ್ತ್ರಿಪೆಟ್ಟಿಗೆ ಒರಗಿಸಿಡಲು ಬಳಸುತ್ತಿದ್ದ. ಈಗ ಅದು ಎರಡು ಹೋಳಾಗಿ ನೆಲದ ಮೇಲಿತ್ತು. ಅವಳು ಕೈಗೆತ್ತಿಕೊಂಡು ನೋಡಿದಳು. ಎರಡು ಬದಿಯ ಲೋಹವೂ ಗಟ್ಟಿಯಾಗಿತ್ತು, ಬಿಟ್ಟುಕೊಂಡದ್ದು ಬೆಸುಗೆ. ಉಗುರಿನಿಂದ ಕೆರೆದರೆ ಬೂದುಬಣ್ಣದ ಪುಡಿ ಉದುರಿತು. ಹೆಬ್ಬೆರಳಿನಿಂದ ಒತ್ತಿದರೆ ಹಳೆಯ ಸುಣ್ಣದ ಗೋಡೆಯಂತೆ ಇನ್ನಷ್ಟು ಉದುರಿತು.

ಇದೇನೆಂದು ಅವಳಿಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದಳು, ಓದಿ ದಾಟಿ ಹೋಗಿದ್ದಳು. ಲೇಸರಿನ ಬೆಳಕನ್ನು ಅಲ್ಯೂಮಿನಿಯಂ ಕನ್ನಡಿಯಂತೆ ಹಿಂದಕ್ಕೆಸೆಯುತ್ತದೆ. ಅದರೊಳಗಿನ ಪುಡಿಯಾದರೋ ಬಾಯಾರಿದವನಂತೆ ಹೀರಿಕೊಳ್ಳುತ್ತದೆ. ಪುಡಿ ಮಿತಿಮೀರಿ ಕಾದು, ಕರಗಿ, ತನ್ನಲ್ಲಿದ್ದ ಇಂಗಾಲವನ್ನು ಬಿಟ್ಟುಕೊಡುತ್ತದೆ. ಆ ಇಂಗಾಲ ಅಲ್ಯೂಮಿನಿಯಂ ಜೊತೆ ಕೂಡಿ ಸೂಜಿಯಂಥ ಹರಳುಗಳಾಗುತ್ತದೆ. ಒಣ ಹವೆಯಲ್ಲಿ ಆ ಸೂಜಿಗಳು ತೆಪ್ಪಗಿರುತ್ತವೆ. ನೀರಿನ ಪಸೆ ತಾಗಿತೋ, ಮೆಲ್ಲಗೆ ಪುಡಿಯಾಗುತ್ತವೆ. ಕಾರ್ಖಾನೆಯ ಪರೀಕ್ಷೆಗಳೆಲ್ಲ ನಡೆದದ್ದು ತಂಪಾದ, ಒಣಗಿದ ಕೋಣೆಯಲ್ಲಿ. ಮೇಲೆ ಥಳಕು, ಒಳಗೆ ಹುಳುಕು.

ಮರುದಿನ ಯಜಮಾನರ ಕೋಣೆಯಲ್ಲಿ ಅವಳು ಕುರ್ಚಿ ಎಳೆದುಕೊಳ್ಳಲೇ ಇಲ್ಲ. ಎರಡು ಹೋಳುಗಳನ್ನು ಮೇಜಿನ ಮೇಲಿಟ್ಟು ನಿಂತೇ ವಿಷಯ ಹೇಳಿದಳು.

ಯಜಮಾನರು ಕೆಟ್ಟವರಲ್ಲ, ಆದರೆ ಅವಸರದ ಮಾತಿಗೆ ಅವಸರದಲ್ಲಿ ತಲೆಯಾಡಿಸುವವರೂ ಅಲ್ಲ. "ಅಲ್ಲ ಕಣ್ರೀ, ಇದು ಇಸ್ತ್ರಿ ಅಂಗಡಿ. ದಿನವಿಡೀ ಬಿಸಿ, ದಿನವಿಡೀ ಹಬೆ. ನಮ್ಮ ಯಂತ್ರ ಇರೋದು ಆಸ್ಪತ್ರೆಲಿ. ಲಾಂಡ್ರಿ ಕಥೆ ಹೇಳ್ಕೊಂಡು ನಾನು ಆಸ್ಪತ್ರೆಗೆ ಫೋನ್ ಮಾಡ್ಲಾ?"

"ಮಾಡಿ ಸಾರ್. ಯಂತ್ರ ಬಳಸ್ಬೇಡಿ ಅಂತ ಹೇಳಿ."

"ಮೊದಲು ಇನ್ನೊಂದ್ಸಲ ಪರೀಕ್ಷೆ ಮಾಡೋಣ. ಒಂದು ವಾರ ಕೊಡಿ. ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ."

"ಆನೆ ಮಾತು ಆಮೇಲೆ ಸಾರ್. ಈಗ ಅದರಲ್ಲಿ ನೇತಾಡ್ತಿರೋದು ಮನುಷ್ಯರು."

ಆ ಮಾತು ತನ್ನ ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಬಂದು ತನ್ನ ಮೇಜಿನ ಸುತ್ತ ತಿರುಗಿದಳು. ನೀರು ಕುಡಿಯಲು ಹೋಗಿ ಕುಡಿಯದೆ ಬಂದಳು. ಕೊನೆಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಂತಿದ್ದಳು.

ಎತ್ತುಯಂತ್ರಗಳು ಎಲ್ಲಿವೆ ಎಂದು ಕೇಳಿದರೆ ಸ್ನಾನದ ಕೋಣೆಯತ್ತ ಕೈತೋರಿಸಿದರು. ಬಾಗಿಲು ತೆರೆದೊಡನೆ ಮುಖಕ್ಕೆ ಬಿಸಿ ಹಬೆ ಬಡಿಯಿತು. ಗಂಡನ ಅಂಗಡಿಗೆ ಕಾಲಿಟ್ಟಂತಾಯಿತು. ಗೋಡೆಯ ಟೈಲ್ಸ್ ಮೇಲೆಲ್ಲ ನೀರಿನ ಹನಿ. ನಡುವೆ ಉದ್ದನೆಯ ತೊಟ್ಟಿ. ಅದರ ಮೇಲೆ ಜೋಲಿಯಲ್ಲಿ ಒಬ್ಬ ಮುದುಕರು, ಮೊಣಕಾಲು ಮಡಚಿಕೊಂಡು ತೂಗುತ್ತಿದ್ದರು. ಅವರ ನೆತ್ತಿಯ ಮೇಲೆ ಅವಳ ಬೆಸುಗೆ, ಹಬೆಯಲ್ಲಿ ತೊಯ್ದು ಮಿನುಗುತ್ತಿತ್ತು.

"ಸಿಸ್ಟರ್, ಇಳಿಸಿ. ಅವರನ್ನ ಇಳಿಸಿ" ಎನ್ನುತ್ತ ಚಪ್ಪಲಿಯಲ್ಲೇ ಒಳಗೆ ನುಗ್ಗಿದಳು.

ಯಂತ್ರ ಹಿಡಿದಿದ್ದ ನರ್ಸು ಗಟ್ಟಿಮುಟ್ಟಾದ ಹೆಂಗಸು. ಹುಬ್ಬೇರಿಸಿದರು. "ಯಾರಮ್ಮ ನೀವು? ಹೀಗೆ ಒಳಗೆ ಬರೋ ಹಾಗಿಲ್ಲ."

"ಈ ತೋಳು ಬೆಸೆದವಳು ನಾನೇ. ಇದು ಸರಿಯಿಲ್ಲ. ಮೆಲ್ಲಗೆ ಇಳಿಸಿ, ಕಾರಣ ಆಮೇಲೆ ಹೇಳ್ತೀನಿ."

ಹೇಳುತ್ತಲೇ ಅವಳು ಜೋಲಿಯ ಅಡಿಗೆ ಎರಡೂ ಕೈ ಚಾಚಿ ನಿಂತಿದ್ದಳು, ಮಗುವನ್ನು ಹಿಡಿಯುವವಳಂತೆ. ನರ್ಸು ಒಂದು ಗಳಿಗೆ ಅವಳ ಮುಖ ನೋಡಿದರು. ಹಿಡಿ ತಿರುಗಿಸಿ ಮುದುಕರನ್ನು ಕುರ್ಚಿಗಿಳಿಸಿದರು. ಏನೂ ಮುರಿಯಲಿಲ್ಲ. ಮುದುಕರು ಇಬ್ಬರನ್ನೂ ನೋಡಿ, "ಏನಮ್ಮಾ, ಇವತ್ತು ಸ್ನಾನ ಇದೆಯೋ ಇಲ್ವೋ?" ಎಂದರು.

ಆ ಸಂಜೆ ಆಸ್ಪತ್ರೆಯವರು ಯಜಮಾನರಿಗೆ ಫೋನ್ ಮಾಡಿದರು. ಯಂತ್ರಗಳೆಲ್ಲ ವಾಪಸು ಬಂದವು. ಯಜಮಾನರು ತೋಳುಗಳನ್ನು ಎಳೆಯುವ ಯಂತ್ರಕ್ಕೆ ಹಾಕಿಸಿದರು. ಮೊದಲನೆಯದು ಹೊಸದರಂತೆಯೇ ತಡೆದುಕೊಂಡಿತು. ಅವರು ಅವಳತ್ತ ತಿರುಗಿ ನೋಡಿದರು. ಅವಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಎರಡನೆಯದು ಸ್ನಾನದ ಕೋಣೆಯ ಹಬೆಯಲ್ಲಿ ಮುದುಕರನ್ನು ಎತ್ತಿದ್ದ ತೋಳು. ಅದು ಅರ್ಧ ಭಾರ ಬೀಳುವಷ್ಟರಲ್ಲೇ ಪಟ್ಟೆಂದು ಕಳಚಿಕೊಂಡಿತು. ಗಡ್ಡದಣ್ಣ ಕಿವಿಯಿಂದ ಗಡ್ಡದ ಚೀಲ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

"ಬೈಬೇಕು ಅಂತಿದ್ದೆ" ಎಂದರು ಯಜಮಾನರು. "ಇನ್ನು ಬೈಯೋಕೆ ಬಾಯಿಲ್ಲ. ಸರಿಮಾಡಿ."

ಸರಿಮಾಡುವುದು ಅಷ್ಟು ಸುಲಭವಾಗಿರಲಿಲ್ಲ. ಎರಡು ತುಂಡನ್ನು ನೇರವಾಗಿ ಕರಗಿಸಿ ಕೂಡಿಸಿದರೆ ಆ ಸೂಜಿಗಳು ಹುಟ್ಟೇ ಹುಟ್ಟುತ್ತವೆ. ಆದ್ದರಿಂದ ನಡುವೆ ಮೂರನೆಯದೊಂದು ಲೋಹ ತುಂಬಬೇಕು. ಮೊದಲು ಸಿಲಿಕಾನ್ ಹೆಚ್ಚಿರುವ ಅಲ್ಯೂಮಿನಿಯಂ ತಂತಿಯನ್ನು ಬೆಸುಗೆಗೆ ಊಡಿಸಿದರು. ಕರಗಿದ ಲೋಹದಲ್ಲಿ ಆಗಲೇ ಸಿಲಿಕಾನ್ ಕಿಕ್ಕಿರಿದಿದ್ದರೆ ಪುಡಿ ಕರಗಲು ಹಿಂಜರಿಯುತ್ತದೆ, ತುಂಬಿದ ಬಸ್ಸಿಗೆ ಹೊಸಬರು ಹತ್ತಲಾಗದ ಹಾಗೆ. ಸೂಜಿಗಳು ಕಡಿಮೆಯಾದವು, ಆದರೆ ಇಲ್ಲವಾಗಲಿಲ್ಲ. ಜೊತೆಗೆ ಬೆಸುಗೆಯ ತುಂಬ ಗುಳ್ಳೆಗಳು. ತುಂಡುಗಳನ್ನು ಕೆರೆದು, ತೊಳೆದು, ಒಲೆಯಲ್ಲಿಟ್ಟು ಒಣಗಿಸಿ ಬೆಸೆದ ಮೇಲೆ ಗುಳ್ಳೆ ತಗ್ಗಿತು. ಸೂಜಿ ಉಳಿಯಿತು.

ಆಮೇಲೆ ಟೈಟಾನಿಯಂ. ಇಂಗಾಲಕ್ಕೆ ಅಲ್ಯೂಮಿನಿಯಂಗಿಂತ ಟೈಟಾನಿಯಂ ಮೇಲೆ ಒಲವು ಜಾಸ್ತಿ. ಎರಡು ತುಂಡಿನ ನಡುವೆ ಅದರ ತೆಳು ಹಾಳೆ ಇಟ್ಟು ಬೆಸೆದರೆ ಬಿಡುಗಡೆಯಾದ ಇಂಗಾಲ ಅದರ ಜೊತೆ ಹೋಗಿ ನೀರಿಗೆ ಜಗ್ಗದ ಗಟ್ಟಿ ಕಣಗಳಾಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಸೂಜಿಗಳಿಲ್ಲದ ಬೆಸುಗೆ ಕಂಡ ದಿನ ಬುಗುರಿ ಕೋಣೆಯ ತುಂಬ ಓಡಾಡಿದಳು. ಮರುದಿನ ಅದೇ ಬೆಸುಗೆ ಗಾಜಿನಂತೆ ಬಿರಿಯಿತು. ಟೈಟಾನಿಯಂ ಅತಿಯಾಗಿ, ಒಂದೇ ಕಡೆ ಮುದ್ದೆಗಟ್ಟಿತ್ತು.

"ಮೂಗಿಗಿಂತ ಮೂಗುತಿ ಭಾರ ಆಯ್ತು ಮೇಡಂ" ಎಂದರು ಗಡ್ಡದಣ್ಣ.

ಇದಕ್ಕಿಂತ ತೆಳ್ಳನೆಯ ಹಾಳೆ ಸಿಗಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಕಾಯುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡಬಲ್ಲವಳು ಅವಳು. ಮನೆಯಲ್ಲಿ ಒಂದು ಗಳಿಗೆ ಕೂರುತ್ತಿರಲಿಲ್ಲ. ಕಪಾಟಿನ ಬಟ್ಟೆ ತೆಗೆದು ಮಡಚುವಳು, ಮಡಚಿದ್ದನ್ನೇ ಮತ್ತೆ ತೆಗೆಯುವಳು. "ಕೂತ್ಕೊಳ್ಳಮ್ಮ, ನೆಲ ಸವೆದು ಕೆಳಗಿನ ಅಂಗಡಿಗೆ ಬಿದ್ದೀಯ" ಎಂದರು ಅತ್ತೆ. ಯಾವಾಗಲೂ ನಗುತ್ತಿದ್ದ ಸೊಸೆ ಆವತ್ತು "ನನ್ನ ಪಾಡಿಗೆ ನನ್ನ ಬಿಡಿ ಅತ್ತೆ" ಎಂದು ರೇಗಿದಳು. ಅತ್ತೆ ಸೂಜಿಗೆ ದಾರ ಪೋಣಿಸತೊಡಗಿದರು. ಗಂಡ ಸುಮ್ಮನಿರಲಿಲ್ಲ.

"ನೀನು ಮನೇಲಿದ್ರೂ ಮನೇಲಿಲ್ಲ ಕಣೇ. ಅಮ್ಮ ಏನಂದ್ರು ಅಂತ ಹೀಗೆ ಹಾರಿ ಬೀಳ್ತೀಯ?"

"ಆ ಮುದುಕರು ಬಿದ್ದಿದ್ರೆ ಏನು ಮಾಡ್ತಿದ್ದೆ ರೀ ನಾನು?"

"ಬೀಳಲಿಲ್ವಲ್ಲ."

"ಅದು ನನ್ನಿಂದಲ್ಲ. ನಿಮ್ಮ ಇಸ್ತ್ರಿಪೆಟ್ಟಿಗೆಯಿಂದ."

ಗಂಡ ಅವಳನ್ನು ನೋಡಿದ. "ಹಾಗಾದ್ರೆ ಅದಕ್ಕೇ ಸಂಬಳ ಕೊಡಿಸು. ನೀನು ಒಂಚೂರು ಕೂತ್ಕೋ." ಅವಳಿಗೆ ನಗು ಬರಬೇಕಿತ್ತು, ಬಂದದ್ದು ಅಳು. ಅತ್ತು ಮುಗಿಸಿ ಅತ್ತೆಯ ಬಳಿ ಹೋಗಿ ನೆಲದ ಮೇಲೆ ಕೂತಳು. ಅತ್ತೆ ಬೈಯಲಿಲ್ಲ. ಗುಂಡಿಗಳ ಡಬ್ಬಿಯನ್ನು ಅವಳ ಮಡಿಲಿಗಿಟ್ಟು "ಬಿಳಿಯದನ್ನ ಆರಿಸಿ ಕೊಡು" ಎಂದರು.

ಅದೇ ಸಮಯಕ್ಕೆ ದೊಡ್ಡ ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಬೇರೆ ಊರು, ಹೊಸ ಲೋಹ, ಹೊಸ ಜನ. ಬುಗುರಿ ಹೋದಳು. ಗಾಜಿನ ಕೋಣೆ, ನಯವಾದ ಮಾತಿನ ಮೂವರು. ಕೇಳಿದ್ದಕ್ಕೆಲ್ಲ ಚೆನ್ನಾಗಿ ಉತ್ತರಿಸಿದಳು. ಕೊನೆಗೆ ಒಬ್ಬರು, "ಈಗಿರೋ ಕೆಲಸ ಯಾಕೆ ಬಿಡ್ತಿದ್ದೀರಿ?" ಎಂದು ಕೇಳಿದರು. ಹಿಂದೆಲ್ಲ ಈ ಪ್ರಶ್ನೆಗೆ ನಾಲಗೆಯ ತುದಿಯಲ್ಲಿ ಉತ್ತರವಿರುತ್ತಿತ್ತು. ಈ ಸಲ ಅವಳ ಕೈ ಚೀಲದ ಪಟ್ಟಿಯತ್ತ ಹೋಯಿತು.

"ಬಿಡ್ತಿಲ್ಲ ಅನ್ಸುತ್ತೆ" ಎಂದಳು. "ಅರ್ಧ ಬೆಸೆದು ಬಿಟ್ಟು ಬಂದಿದ್ದೀನಿ. ಕ್ಷಮಿಸಿ, ನಿಮ್ಮ ಸಮಯ ಹಾಳು ಮಾಡಿದೆ." ಎದ್ದು ಚೀಲ ಹೆಗಲಿಗೇರಿಸಿದಳು. ಬಾಗಿಲು ದಾಟಿದ ಮೇಲೆ ಒಳಗೆ ಮೂವರೂ ಏನೋ ಮಾತಾಡಿಕೊಂಡದ್ದು ಕೇಳಿಸಿತು. ನಿಂತು ಕೇಳಿಸಿಕೊಳ್ಳುವಷ್ಟು ತಾಳ್ಮೆ ಇರಲಿಲ್ಲ.

ಕಾರ್ಖಾನೆಗೆ ಮರಳಿದಾಗ ಗಡ್ಡದಣ್ಣ ಒಂದು ಉಪಾಯ ಹಿಡಿದು ಕೂತಿದ್ದರು. ಅವಳು ಎಲ್ಲಿ ಹೋಗಿದ್ದಳೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಕೇಳಲಿಲ್ಲ. "ಹಾಳೆ ದಪ್ಪ ಅಂತಲೇ ಅಳ್ತಿದ್ದೀವಿ. ಕಿರಣ ನೇರವಾಗಿ ಹೋಗೋದ್ರಿಂದ ಅಲ್ವಾ ಟೈಟಾನಿಯಂ ಒಂದೇ ಕಡೆ ಕೂರೋದು? ಅದನ್ನ ಸಣ್ಣ ಸಣ್ಣ ಸುತ್ತು ಹೊಡೆಸ್ಕೊಂಡು ಮುಂದೆ ಸಾಗಿಸಿದ್ರೆ? ನಿಮ್ಮ ಹಾಗೆ."

"ನನ್ನ ಹಾಗೆ ಸುತ್ತಿದ್ರೆ ಬೆಸುಗೆ ಊರು ಬಿಟ್ಟು ಹೋಗುತ್ತೆ" ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಲೆಕ್ಕ ಹಾಕಲು ಶುರುಮಾಡಿದ್ದಳು. ಸುತ್ತಿದರೆ ಕರಗಿದ ಲೋಹ ಕಲಕಿದಂತಾಗುತ್ತದೆ, ಟೈಟಾನಿಯಂ ಎಲ್ಲ ಕಡೆ ಹರಡುತ್ತದೆ. ಆದರೆ ಹಾಳೆ ಅಷ್ಟೇ ಇದ್ದರೆ ಅದರ ಪಾಲು ತಗ್ಗುವುದಿಲ್ಲ. ಅದಕ್ಕೆ ಮೇಲಿನಿಂದ ಆ ಹಳೆಯ ಸಿಲಿಕಾನ್ ತಂತಿಯನ್ನೂ ಊಡಿಸಿದರೆ? ಹೆಚ್ಚು ಲೋಹ ಕರಗುತ್ತದೆ, ಟೈಟಾನಿಯಂ ತೆಳುವಾಗುತ್ತದೆ, ಸಿಲಿಕಾನೂ ತನ್ನ ಕೆಲಸ ಮಾಡುತ್ತದೆ.

ಮೊದಲ ಪ್ರಯತ್ನ ಕೆಟ್ಟಿತು. ಅದರ ಮುಂದಿನವೂ ಕೆಟ್ಟವು. ತಂತಿ ಬೇಗ ಬಂದರೆ ಕಿರಣ ಆಳಕ್ಕಿಳಿಯದು, ನಿಧಾನ ಬಂದರೆ ಬಿರುಕು. ತಂತಿಯ ವೇಗ ಅವಳದು, ಕಿರಣದ ಸುತ್ತು ಗಡ್ಡದಣ್ಣನದು ಎಂದು ಹಂಚಿಕೊಂಡು ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಮುಂದುವರಿದರು. ಯಜಮಾನರು ಬಂದು ಇಣುಕಿದರೆ ಇಬ್ಬರೂ ಒಟ್ಟಿಗೆ ಅವರ ಮೇಲೆ ರೇಗುತ್ತಿದ್ದರು. ಅಂತೂ ಇಂತೂ ಒಂದು ಹದ ಸಿಕ್ಕಿತು. ಈ ಸಲ ಯಾರೂ ಕೈಕುಲುಕಲಿಲ್ಲ. ಹಬೆ ತುಂಬಿದ ಪೆಟ್ಟಿಗೆಯೊಂದನ್ನು ಕಾರ್ಖಾನೆಯಲ್ಲೇ ಕಟ್ಟಿಸಿ ತುಂಡುಗಳನ್ನು ಅದರೊಳಗೆ ಬೇಯಲು ಬಿಟ್ಟರು. ಒಂದಷ್ಟನ್ನು ಗಂಡನ ಅಂಗಡಿಗೂ ಕಳಿಸಿದರು. ಗಂಡ ಅವುಗಳನ್ನು ಒಗೆಯುವ ಯಂತ್ರದ ಹಿಂದೆ ಸಾಲಾಗಿಟ್ಟು, "ನನ್ನಲ್ಲಿ ಬಾಡಿಗೆ ಕೊಡದ ಗಿರಾಕಿಗಳು" ಎಂದು ಎಲ್ಲರಿಗೂ ತೋರಿಸುತ್ತಿದ್ದ. ಕಾಲ ಸರಿಯಿತು. ತೆಗೆದು ಎಳೆದಾಗ ಪಕ್ಕದ ಲೋಹ ಹರಿಯಿತೇ ಹೊರತು ಬೆಸುಗೆ ಬಿಡಲಿಲ್ಲ. ಇನ್ನೊಂದು ಸಲ ಎಳೆಸಿದಳು. ಮತ್ತೊಂದು ಸಲ. "ಸಾಕು ಬಿಡಿ ಮೇಡಂ, ಎಳೆಯೋ ಯಂತ್ರ ಮುರಿಯುತ್ತೆ" ಎಂದು ಗಡ್ಡದಣ್ಣ ಕೈಹಿಡಿದು ನಿಲ್ಲಿಸಬೇಕಾಯಿತು.

ಹೊಸ ತೋಳಿನ ಯಂತ್ರವನ್ನು ಆಸ್ಪತ್ರೆಗೆ ಒಯ್ದ ದಿನ ಅದೇ ನರ್ಸು ಬಾಗಿಲಲ್ಲಿ ನಿಂತಿದ್ದರು. ಯಂತ್ರದ ಸುತ್ತ ಒಮ್ಮೆ ನಡೆದು, ತೋಳು ತಟ್ಟಿ ನೋಡಿ, "ಕೂತ್ಕೊಳ್ಳಿ" ಎಂದರು.

"ಎಲ್ಲಿ?"

"ಜೋಲೀಲಿ. ನಿಮ್ಮನ್ನ ಎತ್ತದೆ ನಾನು ನನ್ನ ರೋಗಿನ ಎತ್ತಲ್ಲ."

ನ್ಯಾಯವಾದ ಮಾತು. ಬುಗುರಿ ಚಪ್ಪಲಿ ಬಿಟ್ಟು ಕೂತಳು. ನರ್ಸು ಹಿಡಿ ತಿರುಗಿಸಿದರು. ಅವಳ ಕಾಲು ನೆಲ ಬಿಟ್ಟಿತು, ಮೊಣಕಾಲು ಮಡಚಿಕೊಂಡಿತು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಕೋಣೆಯಿಂದ ಯಾರೋ ಕೂಗಿದರು. "ಒಂದು ನಿಮಿಷ, ಬಂದೆ" ಎಂದು ನರ್ಸು ಹೋದರು.

ಒಂದು ನಿಮಿಷ ಮುಗಿಯಿತು, ನರ್ಸು ಬರಲಿಲ್ಲ. ಕೈ ಚಾಚಿದರೆ ಏನೂ ಸಿಗುವುದಿಲ್ಲ, ಕಾಲು ಚಾಚಿದರೆ ಗಾಳಿ. ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳ ಹೆಬ್ಬೆರಳುಗಳು ತಾವಾಗಿ ಕುಣಿಯುತ್ತಿದ್ದವು. "ಸಿಸ್ಟರ್?" ಎಂದಳು. ಉತ್ತರವಿಲ್ಲ. ತಲೆಯೆತ್ತಿ ಬೆಸುಗೆಯನ್ನೇ ನೋಡಿದಳು. ಕಿರಣದ ಸುತ್ತುಗಳು ಒಂದರ ಮೇಲೊಂದು ಬಿದ್ದ ಗುರುತು ಮೀನಿನ ಹುರುಪೆಯಂತೆ ಕಾಣುತ್ತಿತ್ತು. ಒಂದು ಕಡೆ ಸುತ್ತು ಸ್ವಲ್ಪ ಅಗಲವಾಗಿದೆಯೇ? ಅಲ್ಲಿ ತಂತಿಯ ವೇಗ ತಗ್ಗಿತ್ತೇನೋ. ತಪ್ಪೇನಲ್ಲ, ಆದರೂ ಇನ್ನೊಂದಿಷ್ಟು ಸಮ ಮಾಡಬಹುದಿತ್ತು.

"ಸಿಸ್ಟರ್, ಇಳಿಸ್ತೀರಾ ಸ್ವಲ್ಪ? ನಾನು ಕಾರ್ಖಾನೆಗೆ ಹೋಗ್ಬೇಕು!" ಎಂದು ಅವಳು ಕೂಗಿದಳು. ಜೋಲಿ ಆ ಕೂಗಿಗೆ ಮೆಲ್ಲಗೆ ಒಂದು ಸುತ್ತು ತಿರುಗಿತು.